ಎಲೆಯೊಳಗಿನ ಲಸಿಕೆ: ಕರುಳಿನ ವೈರಸ್ಸುಗಳು ಮತ್ತು ಬೆಂಗಳೂರಿನ ಕಡಲೆಕಾಯಿ ಗಿಡ

ಕರುಳಿಗೆ ಹತ್ತುವ ವೈರಸ್ಸುಗಳು ದೇಹವನ್ನು ಹೊಗುವುದು ಬಾಯಿಯಿಂದ, ಹೊರಬೀಳುವುದು ಮಲದಲ್ಲಿ. ಅಲ್ಲಿಂದ ಕೈ, ನೀರು, ತರಕಾರಿ, ನೊಣ ಯಾವುದಾದರೂ ಒಂದರ ಆಸರೆಯಲ್ಲಿ ಇನ್ನೊಂದು ಬಾಯಿಯನ್ನು ತಲುಪುತ್ತವೆ. ಎಳೆಯ ಮಕ್ಕಳಿಗೆ ವಾಂತಿಭೇದಿ ತರುವ ರೋಟಾವೈರಸ್, ಎಲ್ಲ ವಯಸ್ಸಿನವರನ್ನೂ ಕಾಡುವ ನೊರೊವೈರಸ್, ಪೋಲಿಯೊ ಮತ್ತು ಅದರ ಬಳಗದ ಎಂಟೆರೊವೈರಸ್ಸುಗಳು, ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್ ಎ ಮತ್ತು ಇ, ಇವೆಲ್ಲ ಹಿಡಿದಿರುವುದು ಇದೇ ದಾರಿ. ಮಲದಲ್ಲಿ ಹೊರಬೀಳುವ ಈ ಕಣಗಳ ಮೇಲೆ ಕೊಬ್ಬಿನ ಹೊದಿಕೆ ಇರುವುದಿಲ್ಲ, ಗಟ್ಟಿಯಾದ ಪ್ರೋಟೀನ್ ಚಿಪ್ಪು ಮಾತ್ರ ಇರುತ್ತದೆ. ಹೀಗಾಗಿ ಅವು ಜಠರದ ಆಮ್ಲವನ್ನೂ ಪಿತ್ತರಸವನ್ನೂ ತಾಳಿಕೊಳ್ಳುತ್ತವೆ. ನೀರಿನಲ್ಲಿ ದಿನಗಟ್ಟಲೆ, ಕೆಲವು ವಾರಗಟ್ಟಲೆ ಉಳಿಯುತ್ತವೆ.

ಪಶ್ಚಿಮ ಬೆಂಗಳೂರಿನಲ್ಲಿ ಈ ಚಕ್ರವನ್ನು ಕಣ್ಣಾರೆ ಕಾಣಬಹುದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ನಂಬಲಾದ ವೃಷಭಾವತಿಯು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಡೆಯಿಂದ ಬರುವ ರಾಜಕಾಲುವೆಗಳನ್ನು ಕೂಡಿಸಿಕೊಂಡು, ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನವನ್ನು ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಭೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಂದ ಅರ್ಕಾವತಿ, ಮುಂದೆ ಕಾವೇರಿ. ಕಣಿವೆಯುದ್ದಕ್ಕೂ ಮನೆಗಳ ಕೊಳಚೆ ಈ ಹೊಳೆಯನ್ನು ಸೇರುತ್ತದೆ. ಕೆಳಗಿನ ಊರುಗಳಲ್ಲಿ ಅದೇ ನೀರು ಮೇವಿನ ಹುಲ್ಲಿಗೂ ತರಕಾರಿಗೂ ಹರಿಯುತ್ತದೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣ ಘಟಕಗಳ ನೀರಿನಲ್ಲಿ ವೈರಸ್ಸಿನ ಕುರುಹು ಹುಡುಕಿ ಸೋಂಕಿನ ಏರಿಳಿತ ಅಂದಾಜು ಮಾಡಲಾಯಿತು. ಶ್ವಾಸಕೋಶದ ವೈರಸ್ಸೇ ಚರಂಡಿಯಲ್ಲಿ ಅಷ್ಟು ಸ್ಪಷ್ಟವಾಗಿ ಸಿಕ್ಕಮೇಲೆ ಕರುಳಿನ ವೈರಸ್ಸುಗಳ ಮಾತೇನು? ನಳದಲ್ಲಿ ದಿನವಿಡೀ ನೀರು ಬಾರದ ಬಡಾವಣೆಗಳಲ್ಲಿ ಇನ್ನೊಂದು ಅಪಾಯವೂ ಉಂಟು. ನೀರು ನಿಂತ ಹೊತ್ತಿನಲ್ಲಿ ಕೊಳವೆಯ ಒತ್ತಡ ಇಳಿದು, ಬಿರುಕುಗಳ ಮೂಲಕ ಪಕ್ಕದ ಒಳಚರಂಡಿಯ ನೀರು ಒಳಗೆ ಸೇರಿಕೊಳ್ಳುತ್ತದೆ.

ಒಳಚರಂಡಿ, ಶುದ್ಧ ನೀರು, ಕೈತೊಳೆಯುವ ಅಭ್ಯಾಸ, ಇವೇ ಮೊದಲ ರಕ್ಷಣೆ. ಆದರೆ ರೋಟಾವೈರಸ್ ವಿಷಯದಲ್ಲಿ ಇವಿಷ್ಟೇ ಸಾಲದು. ನೈರ್ಮಲ್ಯ ಚೆನ್ನಾಗಿರುವ ದೇಶಗಳಲ್ಲೂ ಲಸಿಕೆ ಬರುವ ಮುಂಚೆ ಬಹುತೇಕ ಎಲ್ಲ ಮಕ್ಕಳಿಗೂ ಐದು ವರ್ಷ ತುಂಬುವುದರೊಳಗೆ ಇದರ ಸೋಂಕು ತಗಲುತ್ತಿತ್ತು. ಭಾರತದಲ್ಲಿ ಲಸಿಕೆ ಜಾರಿಗೆ ಬರುವ ಮೊದಲಿನ ಅಂದಾಜಿನಂತೆ ವರ್ಷಕ್ಕೆ ಸುಮಾರು 78,000 ಮಕ್ಕಳು ರೋಟಾವೈರಸ್ ಭೇದಿಯಿಂದ ಸಾಯುತ್ತಿದ್ದರು. ಆದ್ದರಿಂದ ಲಸಿಕೆ ಬೇಕೇ ಬೇಕು. ಯಾವ ಬಗೆಯ ಲಸಿಕೆ, ಅದನ್ನು ಯಾವ ದಾರಿಯಲ್ಲಿ ಕೊಡಬೇಕು ಎಂಬುದು ಮುಂದಿನ ಪ್ರಶ್ನೆ.

ಕರುಳು ಅನ್ನ ಅರಗಿಸುವ ಕೊಳವೆ ಮಾತ್ರ ಅಲ್ಲ, ದೇಹದ ಅತಿ ದೊಡ್ಡ ರೋಗನಿರೋಧಕ ಅಂಗವೂ ಹೌದು. ದೇಹ ದಿನದಿನವೂ ತಯಾರಿಸುವ ಪ್ರತಿಕಾಯಗಳಲ್ಲಿ ಹೆಚ್ಚಿನ ಪಾಲು ಕರುಳಿನ ಗೋಡೆಯದು. ಸಣ್ಣ ಕರುಳಿನ ಒಳಮೈಯಲ್ಲಿ ಅಲ್ಲಲ್ಲಿ ಪೇಯರ್ ತೇಪೆಗಳೆಂಬ ಲಿಂಫ್ ಅಂಗಾಂಶದ ಗುಂಪುಗಳಿವೆ. ಅವುಗಳ ಮೇಲೆ ಹಾಸಿಕೊಂಡಿರುವ ಎಂ ಕೋಶಗಳು ಕರುಳಿನಲ್ಲಿ ಹಾದುಹೋಗುವ ಕಣಗಳನ್ನು ಹೀರಿ ಕೆಳಗಿನ ಕಾವಲು ಕೋಶಗಳಿಗೆ ಒಪ್ಪಿಸುತ್ತವೆ. ಕಣ ಅಪಾಯದ್ದೆಂದು ತೀರ್ಮಾನವಾದರೆ ಐಜಿಎ ಎಂಬ ಪ್ರತಿಕಾಯ ಹುಟ್ಟಿ, ಗೋಡೆಯನ್ನು ದಾಟಿ ಲೋಳೆಯಲ್ಲಿ ಬೆರೆತು ನಿಲ್ಲುತ್ತದೆ. ವೈರಸ್ ಕೋಶವನ್ನು ಮುಟ್ಟುವ ಮುಂಚೆಯೇ ಅದನ್ನು ಹಿಡಿಯುತ್ತದೆ. ತೋಳಿಗೆ ಚುಚ್ಚಿದ ಲಸಿಕೆ ರಕ್ತದಲ್ಲಿ ಐಜಿಜಿ ಪ್ರತಿಕಾಯಗಳನ್ನು ಚೆನ್ನಾಗಿ ಹುಟ್ಟಿಸುತ್ತದೆ, ಕರುಳಿನ ಲೋಳೆಯಲ್ಲಿ ಅಷ್ಟಾಗಿ ಹುಟ್ಟಿಸುವುದಿಲ್ಲ. ಚುಚ್ಚುಮದ್ದಿನ ಪೋಲಿಯೊ ಲಸಿಕೆ ಮಗುವನ್ನು ಪಾರ್ಶ್ವವಾಯುವಿನಿಂದ ಕಾಪಾಡಿದರೂ, ಆ ಮಗುವಿನ ಕರುಳಿನಲ್ಲಿ ವೈರಸ್ ಬೆಳೆದು ಚರಂಡಿಗೆ ಸೇರುವುದನ್ನು ಪೂರ್ತಿ ತಡೆಯಲಾರದು. ಬಾಯಿಗೆ ಹಾಕುವ ಹನಿ ಆ ಕೆಲಸವನ್ನೂ ಮಾಡುತ್ತದೆ.

ಆದರೆ ಇಂದು ಬಳಕೆಯಲ್ಲಿರುವ ಪೋಲಿಯೊ ಮತ್ತು ರೋಟಾವೈರಸ್ ಹನಿಗಳೆಲ್ಲ ಜೀವಂತ, ದುರ್ಬಲಗೊಳಿಸಿದ ವೈರಸ್ಸುಗಳು. ಪೋಲಿಯೊ ಹನಿಯ ವೈರಸ್ ಅಪರೂಪಕ್ಕೆ ಮತ್ತೆ ಬಲಿತು ರೋಗ ತರಬಲ್ಲದು. ಹನಿಯನ್ನು ತಯಾರಾದ ಕ್ಷಣದಿಂದ ಮಗುವಿನ ನಾಲಗೆ ಮುಟ್ಟುವವರೆಗೂ ತಂಪಾಗಿಡಬೇಕು. ಇವೆರಡಕ್ಕಿಂತ ಮುಖ್ಯವಾದದ್ದು ಮೂರನೆಯ ಸಮಸ್ಯೆ. ರೋಗ ಹೆಚ್ಚಿರುವ ಕಡೆಯೇ ಬಾಯಿ ಲಸಿಕೆಗಳು ಕಡಿಮೆ ಫಲ ಕೊಡುತ್ತವೆ. ವೆಲ್ಲೂರಿನಲ್ಲಿ ಟಿ. ಜೇಕಬ್ ಜಾನ್ ಅವರು 1970ರ ದಶಕದಲ್ಲೇ ಇದನ್ನು ಪೋಲಿಯೊ ಹನಿಯ ವಿಷಯದಲ್ಲಿ ತೋರಿಸಿದ್ದರು. ಭಾರತದಲ್ಲಿ ಬೆಳೆದ ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ಪರೀಕ್ಷಿಸಿದಾಗ ಮೊದಲ ವರ್ಷದಲ್ಲಿ ತೀವ್ರ ಭೇದಿಯ ವಿರುದ್ಧ ಸುಮಾರು 56 ಪ್ರತಿಶತ ರಕ್ಷಣೆ ಕಂಡಿತು. ಯುರೋಪಿನಲ್ಲಿ ಇತರ ರೋಟಾವೈರಸ್ ಲಸಿಕೆಗಳು ಕೊಟ್ಟ ರಕ್ಷಣೆ ಇದಕ್ಕಿಂತ ಬಹಳ ಹೆಚ್ಚು. ಕೊಳಕು ನೀರಿನ ಊರುಗಳಲ್ಲಿ ಮಗುವಿನ ಕರುಳಿನ ಗೋಡೆ ಪದೇ ಪದೇ ಸೋಂಕು ತಿಂದು ಊದಿಕೊಂಡಿರುತ್ತದೆ, ಬೇರೆ ವೈರಸ್ಸುಗಳು ಜಾಗ ಹಿಡಿದಿರುತ್ತವೆ, ತಾಯಿಯ ಹಾಲಿನಲ್ಲಿರುವ ಪ್ರತಿಕಾಯಗಳೂ ಲಸಿಕೆಯ ವೈರಸ್ಸನ್ನು ತಡೆಯುತ್ತವೆ. ಹೀಗಾಗಿ ಚರಂಡಿಯ ಕೆಲಸವೂ ಲಸಿಕೆಯ ಕೆಲಸವೂ ಒಂದಕ್ಕೊಂದು ಬದಲಿಯಲ್ಲ. ಮೊದಲನೆಯದು ಸರಿಯಾದರೆ ಎರಡನೆಯದರ ಬಲವೂ ಹೆಚ್ಚುತ್ತದೆ.

ರೋಟಾವೈರಸ್ ಲಸಿಕೆಯ ಕಥೆಯಲ್ಲಿ ಬೆಂಗಳೂರಿಗೆ ತನ್ನದೇ ಒಂದು ಪುಟವಿದೆ. ಊರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾ ರಾವ್ ಅವರ ತಂಡ ಇಲ್ಲಿನ ನವಜಾತ ಶಿಶುಗಳಲ್ಲಿ ಒಂದು ವಿಚಿತ್ರ ರೋಟಾವೈರಸ್ ತಳಿಯನ್ನು ಗುರುತಿಸಿತು. ಶಿಶುಗಳ ಮಲದಲ್ಲಿ ವೈರಸ್ ಇತ್ತು, ಶಿಶುಗಳಿಗೆ ಭೇದಿ ಇರಲಿಲ್ಲ. ಐ321 ಎಂದು ಹೆಸರಾದ ಈ ತಳಿಯ ಹೊರಮೈಯ ಎರಡೂ ಪ್ರೋಟೀನುಗಳು, ಅಂದರೆ ವಿಪಿ4 ಮತ್ತು ವಿಪಿ7, ದನಗಳ ರೋಟಾವೈರಸ್ಸಿನವನ್ನು ಬಹುಮಟ್ಟಿಗೆ ಹೋಲುತ್ತವೆಂದು 1993ರಲ್ಲಿ ಪ್ರಕಟವಾಯಿತು. ದನದ ವೈರಸ್ಸೊಂದು ಮನುಷ್ಯರ ಶಿಶುವಿಗೆ ದಾಟಿ, ರೋಗ ತರದೆ, ಪ್ರತಿರೋಧವನ್ನಷ್ಟೇ ಉಳಿಸಿಹೋಗುವುದೆಂದರೆ ಅದು ಪ್ರಕೃತಿಯೇ ತಯಾರಿಸಿದ ಲಸಿಕೆ. ದೆಹಲಿಯಲ್ಲಿ ಎಂ. ಕೆ. ಭಾನ್ ಅವರ ತಂಡ ಗುರುತಿಸಿದ್ದ 116ಇ ತಳಿಯ ಜೊತೆಯಲ್ಲಿ ಐ321 ಕೂಡ ಶಿಶುಗಳಲ್ಲಿ ಪರೀಕ್ಷೆಗೆ ಒಳಗಾಯಿತು. ಪ್ರತಿಕಾಯ ಹುಟ್ಟಿಸುವುದರಲ್ಲಿ 116ಇ ಮುಂದಾಯಿತು, ಬೆಂಗಳೂರಿನ ತಳಿ ಹಿಂದೆ ಬಿತ್ತು. ಹೈದರಾಬಾದಿನ ಭಾರತ್ ಬಯೋಟೆಕ್ 116ಇ ತಳಿಯಿಂದಲೇ ರೋಟಾವ್ಯಾಕ್ ತಯಾರಿಸಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ಉಚಿತ ರೋಟಾವೈರಸ್ ಲಸಿಕಾ ಕಾರ್ಯಕ್ರಮ 2019ರಲ್ಲಿ ದೇಶದುದ್ದಕ್ಕೂ ವಿಸ್ತರಿಸಿತು. ಇಂದು ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಇದು ಶಿಶುಗಳಿಗೆ ಸಿಗುತ್ತದೆ.

ಜೀವಂತ ವೈರಸ್ ಬೇಡ, ಅದರ ಒಂದು ಪ್ರೋಟೀನ್ ಸಾಕು, ಆ ಪ್ರೋಟೀನನ್ನು ಗಿಡದ ಕೈಯಲ್ಲೇ ಮಾಡಿಸೋಣ ಎಂಬ ಯೋಚನೆ ಹುಟ್ಟಿದ್ದು 1990ರ ಆಸುಪಾಸಿನಲ್ಲಿ. 1989ರಲ್ಲಿ ತಂಬಾಕಿನ ಗಿಡದಲ್ಲಿ ಪ್ರತಿಕಾಯಗಳನ್ನು ತಯಾರಿಸಿ ತೋರಿಸಲಾಗಿತ್ತು. 1992ರಲ್ಲಿ ಅಮೆರಿಕದ ಚಾರ್ಲ್ಸ್ ಆರ್ನ್‌ಟ್ಸೆನ್ ಮತ್ತು ಹ್ಯೂ ಮೇಸನ್ ತಂಡ ತಂಬಾಕಿನ ಎಲೆಯಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈ ಪ್ರೋಟೀನ್ ಬೆಳೆಸಿತು. ಅದೇ ತಂಡ 1996ರಲ್ಲಿ ನೊರೊವೈರಸ್ಸಿನ ಮೂಲ ತಳಿಯಾದ ನಾರ್ವಾಕ್ ವೈರಸ್ಸಿನ ಚಿಪ್ಪಿನ ಪ್ರೋಟೀನನ್ನು ತಂಬಾಕು ಮತ್ತು ಆಲೂಗೆಡ್ಡೆಯಲ್ಲಿ ತಯಾರಿಸಿದಾಗ ವಿಷಯಕ್ಕೆ ನಿಜವಾದ ತಿರುವು ಸಿಕ್ಕಿತು. ಗಿಡದ ಕೋಶದಲ್ಲಿ ಹುಟ್ಟಿದ ಆ ಪ್ರೋಟೀನುಗಳು ತಾವಾಗಿಯೇ ಒಂದಕ್ಕೊಂದು ಜೋಡಿಸಿಕೊಂಡು ಟೊಳ್ಳು ಚಿಪ್ಪುಗಳಾದವು. ನೋಡಲು ವೈರಸ್ಸಿನಂತೆಯೇ ಇರುವ, ಒಳಗೆ ಆನುವಂಶಿಕ ವಸ್ತುವೇ ಇಲ್ಲದ, ಆದ್ದರಿಂದ ಯಾವ ಕಾಲಕ್ಕೂ ಸೋಂಕು ತರಲಾರದ ಚಿಪ್ಪು ಅದು. ಬಾಯಿಯಿಂದ ಬರುವ ವೈರಸ್ಸಿನ ವಿರುದ್ಧ ಬಾಯಿಯಿಂದಲೇ ಕೊಡಬಹುದಾದ, ಜಠರದ ಆಮ್ಲ ತಾಳುವಂತೆ ಪ್ರಕೃತಿಯೇ ರೂಪಿಸಿದ ಆಕಾರ ಕೈಗೆ ಸಿಕ್ಕಂತಾಯಿತು.

ಮನುಷ್ಯರ ಮೇಲಿನ ಪರೀಕ್ಷೆ 2000ದಲ್ಲಿ ಪ್ರಕಟವಾಯಿತು. ಮೇರಿಲ್ಯಾಂಡ್‌ನಲ್ಲಿ ಕ್ಯಾರೊಲ್ ಟ್ಯಾಕೆಟ್ ಅವರ ನೇತೃತ್ವದಲ್ಲಿ 20 ಸ್ವಯಂಸೇವಕರು ನಾರ್ವಾಕ್ ಪ್ರೋಟೀನ್ ಇದ್ದ ಹಸಿ ಆಲೂಗೆಡ್ಡೆಯನ್ನು 150 ಗ್ರಾಂ ಪ್ರಮಾಣದಲ್ಲಿ ಎರಡು ಮೂರು ಸಲ ತಿಂದರು. ಇವರಲ್ಲಿ 19 ಮಂದಿಯ ರಕ್ತದಲ್ಲಿ ಐಜಿಎ ತಯಾರಿಸುವ ಕೋಶಗಳು ಹೆಚ್ಚಿದವು. ಫಲಿತಾಂಶದ ಇನ್ನೊಂದು ಮುಖವನ್ನು ಬಿಡಬಾರದು. ರಕ್ತದ್ರವದಲ್ಲಾಗಲಿ ಮಲದಲ್ಲಾಗಲಿ ಪ್ರತಿಕಾಯದ ಮಟ್ಟ ಕೆಲವರಲ್ಲಿ ಮಾತ್ರ ಏರಿತು, ಏರಿದ್ದೂ ಸಾಧಾರಣವಾಗಿ. ಒಂದು ಸಲ ತಿಂದ 150 ಗ್ರಾಂನಿಂದ ಮತ್ತೊಂದು ಸಲದ್ದಕ್ಕೆ ಪ್ರೋಟೀನಿನ ಪ್ರಮಾಣ 215ರಿಂದ 751 ಮೈಕ್ರೊಗ್ರಾಂವರೆಗೆ ವ್ಯತ್ಯಾಸವಾಗಿತ್ತು. ಬೇಯಿಸಿದರೆ ಪ್ರೋಟೀನ್ ಕೆಡುತ್ತದೆ, ಹಸಿ ಆಲೂಗೆಡ್ಡೆಯನ್ನು ಮಕ್ಕಳು ತಿನ್ನುವುದಿಲ್ಲ. ಬಾಳೆಹಣ್ಣಿನ ಮಾತು ಪತ್ರಿಕೆಗಳಲ್ಲಿ ಬಹಳ ದಿನ ಓಡಾಡಿತು. ಆದರೆ ಬಾಳೆ ಫಲ ಕೊಡಲು ತಿಂಗಳುಗಟ್ಟಲೆ ಬೇಕು, ಹಣ್ಣಿನಲ್ಲಿ ಪ್ರೋಟೀನ್ ಸೇರುವುದೂ ಅಲ್ಪ. ಮಾವಿನಹಣ್ಣು ತಿಂದಂತೆ ಲಸಿಕೆ ತಿನ್ನುವ ಕಾಲ ಬಂದೇಬಿಟ್ಟಿತೆಂಬ ಆ ದಿನಗಳ ಉತ್ಸಾಹ ಈ ಕ್ಷೇತ್ರಕ್ಕೆ ಉಪಕಾರ ಮಾಡಲಿಲ್ಲ. ಲಸಿಕೆ ಎಂದರೆ ಅಳತೆಯಿರುವ ಔಷಧ. ಎಷ್ಟು ತಿಂದರೆ ಎಷ್ಟು ಮೈಗೆ ಸೇರುತ್ತದೆಂದು ಹೇಳಲಾಗದ ವಸ್ತುವನ್ನು ಮಗುವಿನ ಬಾಯಿಗೆ ಇಡಲು ಯಾವ ವೈದ್ಯನೂ ಒಪ್ಪಬಾರದು.

ಕರ್ನಾಟಕದ ಪ್ರಯತ್ನ ಬೇರೊಂದು ದಾರಿ ಹಿಡಿಯಿತು. ಅದು ಮೊದಲು ನೋಡಿದ್ದು ಮಕ್ಕಳನ್ನಲ್ಲ, ದನಕರುಗಳನ್ನು. ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಕೋಶ ಜೀವವಿಜ್ಞಾನ ವಿಭಾಗದಲ್ಲಿ ಎಂ. ಎಸ್. ಶೈಲಾ ಅವರು ರಿಂಡರ್‌ಪೆಸ್ಟ್ ವೈರಸ್ಸಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಅದೇ ಸಂಸ್ಥೆಯ ಜಿ. ಲಕ್ಷ್ಮೀ ಸೀತಾ ಅವರು ಶ್ರೀಗಂಧದ ಅಂಗಾಂಶ ಕೃಷಿಯಿಂದ ಹೆಸರಾದ ಸಸ್ಯವಿಜ್ಞಾನಿ. ಶ್ರೀಗಂಧದ ಕೋಶಗಳಿಂದ ಇಡೀ ಸಸಿ ಎಬ್ಬಿಸುವ ಕೆಲಸವನ್ನು ಅವರು 1970ರ ದಶಕದ ಕೊನೆಯಲ್ಲೇ ಮಾಡಿದ್ದರು. ವೈರಸ್ ಬಲ್ಲವರೂ ಗಿಡ ಬಲ್ಲವರೂ ಒಂದೇ ಆವರಣದಲ್ಲಿ ಇದ್ದದ್ದರಿಂದ ಈ ಕೆಲಸ ಬೆಂಗಳೂರಿನಲ್ಲಿ ಸಾಧ್ಯವಾಯಿತು. ದೊಡ್ಡ ಹಣಕ್ಕಿಂತ ಇಂಥ ನೆರೆಹೊರೆಯೇ ವಿಜ್ಞಾನಕ್ಕೆ ಎಷ್ಟೋ ಸಲ ನೆರವಾಗಿದೆ.

ರಿಂಡರ್‌ಪೆಸ್ಟ್ ನಮ್ಮ ಹಳ್ಳಿಗರಿಗೆ ದೊಡ್ಡರೋಗ. ದನಕ್ಕೆ ಮೊದಲು ಜ್ವರ, ಕಣ್ಣು ಮೂಗಿನಲ್ಲಿ ಸುರಿತ, ಬಾಯಿಯೊಳಗೆ ಹುಣ್ಣು. ಆಮೇಲೆ ನಾರುವ ಭೇದಿ. ವೈರಸ್ ಮೂಗು ಬಾಯಿಯ ಲೋಳೆಪೊರೆಯಲ್ಲಿ ಒಳಹೊಕ್ಕು, ಲಿಂಫ್ ಗ್ರಂಥಿಗಳಲ್ಲಿ ಬೆಳೆದು, ಕರುಳಿನ ಒಳಪದರವನ್ನೇ ಕಿತ್ತುಹಾಕುತ್ತಿತ್ತು. ನೀರೆಲ್ಲ ಸೋರಿ ದನ ಕೆಲವೇ ದಿನಗಳಲ್ಲಿ ಬೀಳುತ್ತಿತ್ತು. ಒಮ್ಮೆ ಹೊಕ್ಕ ಊರಿನಲ್ಲಿ ಕೊಟ್ಟಿಗೆಗಳು ಖಾಲಿಯಾಗುತ್ತಿದ್ದವು, ಉಳುವ ಎತ್ತಿಲ್ಲದೆ ಹೊಲ ಬೀಳು ಬೀಳುತ್ತಿತ್ತು. ಮೈಸೂರು ಸಂಸ್ಥಾನ 1920ರ ದಶಕದಲ್ಲಿ ಹೆಬ್ಬಾಳದಲ್ಲಿ ಸೀರಮ್ ಸಂಸ್ಥೆಯನ್ನು ತೆರೆದದ್ದು ಮುಖ್ಯವಾಗಿ ಈ ರೋಗದ ಪ್ರತಿರಕ್ತದ್ರವ ತಯಾರಿಸುವುದಕ್ಕೆ. ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಅದರದೇ ಮುಂದುವರಿಕೆ. 1960ರ ಸುಮಾರಿಗೆ ವಾಲ್ಟರ್ ಪ್ಲೌರೈಟ್ ಕೀನ್ಯಾದಲ್ಲಿ ರೂಪಿಸಿದ ಲಸಿಕೆ ಒಳ್ಳೆಯದಿತ್ತು, ಆದರೆ ಬಿಸಿಲಿಗೆ ಕೆಡುತ್ತಿತ್ತು. ಗಿಡದಲ್ಲಿ ಬೆಳೆದು ಮೇವಿನ ಜೊತೆಗೇ ದನದ ಹೊಟ್ಟೆ ಸೇರುವ, ಐಸ್ ಪೆಟ್ಟಿಗೆ ಬೇಡದ ಲಸಿಕೆಯ ಆಸೆ ಹುಟ್ಟಿದ್ದು ಇಲ್ಲಿ.

ಅದಕ್ಕೆ ಆರಿಸಿಕೊಂಡ ಗಿಡಗಳಲ್ಲಿ ಮುಖ್ಯವಾದದ್ದು ಕಡಲೆಕಾಯಿ. ಪಾವಗಡ, ಶಿರಾ, ಚಳ್ಳಕೆರೆಗಳ ಬಯಲಿನಲ್ಲಿ ಕಾಯಿ ಬಿಡಿಸಿಕೊಂಡ ಮೇಲೆ ಬಳ್ಳಿಯನ್ನು ಒಟ್ಟಿ ದನ, ಕುರಿಗಳಿಗೆ ಹಾಕುವುದು ತಲೆತಲಾಂತರದ ರೂಢಿ. ದ್ವಿದಳ ಧಾನ್ಯವಾದ್ದರಿಂದ ಎಲೆಯಲ್ಲಿ ಪ್ರೋಟೀನ್ ಹೆಚ್ಚು. ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಸೇರಿಸಿದ ಜೀನ್ ಪಕ್ಕದ ಹೊಲಕ್ಕೆ ಹಾರುವ ಸಂಭವ ಕಡಿಮೆ. ತಂಬಾಕು ಪ್ರಯೋಗಕ್ಕೆ ಸುಲಭ, ಆದರೆ ಅದು ದನದ ಮೇವಲ್ಲ. ಇದೇ ತಂಡ ತೊಗರಿಯಲ್ಲೂ ವೈರಸ್ಸಿನ ಪ್ರೋಟೀನ್ ಬೆಳೆಸಿ 2003ರಲ್ಲಿ ಪ್ರಕಟಿಸಿತು.

ಗಿಡವನ್ನು ಸಿದ್ಧಪಡಿಸುವ ಕ್ರಮ ಹೀಗೆ. ರಿಂಡರ್‌ಪೆಸ್ಟ್ ವೈರಸ್ಸಿನ ಮೈಮೇಲೆ ಹಿಮಗ್ಲುಟಿನಿನ್ ಎಂಬ ಪ್ರೋಟೀನಿನ ಮುಳ್ಳುಗಳಿವೆ. ಕೋಶವನ್ನು ಹಿಡಿದುಕೊಳ್ಳಲು ವೈರಸ್ ಬಳಸುವುದು ಇದನ್ನೇ, ರೋಗ ತಡೆಯುವ ಪ್ರತಿಕಾಯಗಳು ಗುರಿಯಿಡುವುದೂ ಇದರ ಮೇಲೇ. ಈ ಪ್ರೋಟೀನಿನ ಜೀನನ್ನು ಬೇರ್ಪಡಿಸಿ, ಗಿಡದ ಕೋಶ ಓದಬಲ್ಲ ಚಾಲಕ ತುಣುಕಿನ ಜೊತೆ ಜೋಡಿಸಿ, ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದೊಳಗೆ ಇಡಲಾಗುತ್ತದೆ. ಗಿಡಗಳ ಬುಡಕ್ಕೆ ಗಂಟು ಬರಿಸುವ ಈ ಬ್ಯಾಕ್ಟೀರಿಯಾಕ್ಕೆ ತನ್ನ ಡಿಎನ್‌ಎ ತುಂಡನ್ನು ಗಿಡದ ವರ್ಣತಂತುವಿಗೆ ಸೇರಿಸುವ ಹುಟ್ಟುಗುಣವಿದೆ. ಗಂಟಿನ ಜೀನುಗಳನ್ನು ತೆಗೆದುಹಾಕಿ ಆ ಗುಣವನ್ನಷ್ಟೇ ಉಳಿಸಿಕೊಳ್ಳಲಾಗುತ್ತದೆ. ಕಡಲೆಬೀಜದ ಬೇಳೆಗಳಿಂದ ಮೊಳಕೆಯ ಭಾಗವನ್ನು ತೆಗೆದು, ಗಾಯವಾದ ಬೇಳೆಯನ್ನು ಬ್ಯಾಕ್ಟೀರಿಯಾದ ದ್ರವದಲ್ಲಿ ಅದ್ದಿ, ಹಾರ್ಮೋನು ಬೆರೆಸಿದ ಅಗರ್ ಮೇಲೆ ಇಡುತ್ತಾರೆ. ಕೆಲವು ವಾರಗಳಲ್ಲಿ ಕತ್ತರಿಸಿದ ಅಂಚಿನಲ್ಲಿ ಹಸಿರು ಚುಕ್ಕೆಗಳು ಮೂಡಿ ಚಿಗುರಾಗುತ್ತವೆ. ಹೊಸ ಜೀನ್ ಹೊಕ್ಕ ಚಿಗುರು ಮಾತ್ರ ಬದುಕುವಂತೆ ಅಗರ್‌ಗೆ ಪ್ರತಿಜೈವಿಕವನ್ನು ಸೇರಿಸಿರುತ್ತಾರೆ. ಉಳಿದವು ಬಿಳಿಚಿಕೊಂಡು ಸಾಯುತ್ತವೆ. ಬದುಕಿದ್ದನ್ನು ಬೇರು ಬರಿಸಿ, ಮಣ್ಣಿಗೆ ಹಾಕಿ, ಹೂ ಬಿಡಿಸಿ, ಮುಂದಿನ ತಲೆಮಾರಿನ ಬೀಜದಲ್ಲೂ ಜೀನ್ ಇದೆಯೇ ಎಂದು ನೋಡಬೇಕು. ಎಲೆ ಅರೆದು ಅದರಲ್ಲಿ ವೈರಸ್ಸಿನ ಪ್ರೋಟೀನ್ ಸರಿಯಾದ ಆಕಾರದಲ್ಲಿ ಇದೆಯೇ, ವೈರಸ್ಸಿನ ವಿರುದ್ಧದ ಪ್ರತಿಕಾಯ ಅದನ್ನು ಗುರುತಿಸುತ್ತದೆಯೇ ಎಂಬ ಪರೀಕ್ಷೆ ಕೊನೆಯದು. ದ್ವಿದಳ ಗಿಡಗಳು ಈ ವಿಧಾನಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ನೂರಾರು ಬೇಳೆಗಳಿಂದ ಕೈಗೆ ಉಳಿಯುವುದು ಕೆಲವೇ ಗಿಡ.

ಈ ಎಲೆಗಳನ್ನು ದನಗಳಿಗೆ ತಿನ್ನಿಸಿದ ಪ್ರಯೋಗದ ವರದಿ 2003ರಲ್ಲಿ ವ್ಯಾಕ್ಸಿನ್ ಪತ್ರಿಕೆಯಲ್ಲಿ ಬಂತು. ಆಭಾ ಖಂಡೇಲ್‌ವಾಲ್ ಅದರ ಮೊದಲ ಲೇಖಕರು. ಎಲೆಯ ಜೊತೆಗೆ ಪ್ರಚೋದಕ ವಸ್ತು ಯಾವುದನ್ನೂ ಸೇರಿಸಿರಲಿಲ್ಲ. ಹಾಗಿದ್ದೂ ದನಗಳ ರಕ್ತದಲ್ಲಿ ಹಿಮಗ್ಲುಟಿನಿನ್ ವಿರುದ್ಧ ಪ್ರತಿಕಾಯ ಹುಟ್ಟಿತು, ಪ್ರಯೋಗಾಲಯದ ತಟ್ಟೆಯಲ್ಲಿ ಅದು ವೈರಸ್ಸನ್ನು ನಿಷ್ಕ್ರಿಯಗೊಳಿಸಿತು, ಕೋಶಗಳ ಮಟ್ಟದ ಪ್ರತಿರೋಧವೂ ಕಂಡಿತು. ಮುಂದಿನ ವರ್ಷ ಪ್ರಕಟವಾದ ಇಲಿಗಳ ಪ್ರಯೋಗವೂ ಇದನ್ನು ಬೆಂಬಲಿಸಿತು.

ಈ ಫಲಿತಾಂಶದ ತೂಕ ತಿಳಿಯಲು ದನದ ಹೊಟ್ಟೆಯನ್ನು ನೆನೆಯಬೇಕು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವಿನ ಪ್ರೋಟೀನನ್ನು ಒಡೆದು ಹಾಕುತ್ತವೆ. ಬಿಡಿ ಪ್ರೋಟೀನ್ ಅಲ್ಲಿಂದ ಪಾರಾಗುವುದು ಕಷ್ಟ. ಎಲೆಯೊಳಗಿನ ಪ್ರೋಟೀನಿಗೆ ಕಡಲೆಬೀಜಕ್ಕೆ ಸಿಪ್ಪೆ ಇದ್ದಂತೆ ಸೆಲ್ಯುಲೋಸಿನ ಕೋಶಭಿತ್ತಿಯ ಕಾವಲಿದೆ. ಅದು ನಿಧಾನವಾಗಿ ಕರಗುವುದರಿಂದ ಒಂದಷ್ಟು ಪ್ರೋಟೀನ್ ಕರುಳಿನವರೆಗೆ ಉಳಿಯಬಹುದು. ಜೊತೆಗೆ, ಮತ್ತೆ ಮತ್ತೆ ಬಾಯಿಗೆ ಬಂದು ಜಗಿಯಲ್ಪಡುವ ಮೇವು ಗಂಟಲಿನ ಸುತ್ತಲಿನ ಲಿಂಫ್ ಅಂಗಾಂಶವನ್ನೂ ಮುಟ್ಟುತ್ತದೆ. ಮನುಷ್ಯನಿಗೆ ತೊಡಕಾಗುವ ಜಗಿತವೇ ದನಕ್ಕೆ ಅನುಕೂಲವಾಗಬಹುದಾದದ್ದು ಹೀಗೆ.

ಆದರೆ ಕಾಲ ಮುಂದೆ ಹೋಗಿತ್ತು. ಭಾರತದಲ್ಲಿ ರಿಂಡರ್‌ಪೆಸ್ಟ್ ಕೊನೆಯ ಬಾರಿ ಕಂಡದ್ದು 1995ರಲ್ಲಿ. ದೇಶ ರೋಗಮುಕ್ತವೆಂದು 2006ರಲ್ಲಿ ಮಾನ್ಯತೆ ಪಡೆಯಿತು, 2011ರಲ್ಲಿ ಜಗತ್ತೇ ಮುಕ್ತವಾಯಿತು. ಸಿಡುಬಿನ ಬಳಿಕ ಭೂಮಿಯಿಂದ ನಿರ್ಮೂಲವಾದ ಎರಡನೆಯ ರೋಗ ಅದು, ಅದೂ ಚುಚ್ಚುಮದ್ದಿನಿಂದಲೇ. ಕಡಲೆಕಾಯಿ ಎಲೆಯ ಲಸಿಕೆಗೆ ದೊಡ್ಡರೋಗದ ಎದುರು ಮಾಡುವ ಕೆಲಸ ಉಳಿಯಲಿಲ್ಲ. ಹಾಗೆಂದು ಶ್ರಮ ವ್ಯರ್ಥವಾಯಿತೆನ್ನುವುದು ಅನ್ಯಾಯ. ಅದೇ ಕುಟುಂಬದ ಇನ್ನೊಂದು ವೈರಸ್ ಕುರಿಮೇಕೆಗಳಲ್ಲಿ ಪಿಪಿಆರ್ ತರುತ್ತದೆ, ಕುರಿಗಾರರ ಬಾಯಲ್ಲಿ ಹಿರೇಬೇನೆ. ಲಕ್ಷಣಗಳೂ ಹೆಚ್ಚುಕಡಿಮೆ ಅವೇ: ಬಾಯಿಹುಣ್ಣು, ಭೇದಿ, ಜೊತೆಗೆ ಉಸಿರಾಟದ ತೊಂದರೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ತಮಿಳುನಾಡಿನ ಅರಸೂರಿನಲ್ಲಿ, 1987ರಲ್ಲಿ. ಆ ಶೋಧವನ್ನು ಪ್ರಕಟಿಸಿದವರಲ್ಲೂ ಶೈಲಾ ಇದ್ದರು. ಪಿಪಿಆರ್ ವೈರಸ್ಸಿನ ಹೊರಮೈ ಪ್ರೋಟೀನನ್ನು ಕಡಲೆಕಾಯಿ ಗಿಡದಲ್ಲಿ ಬೆಳೆಸಿ ಕುರಿಗಳಿಗೆ ತಿನ್ನಿಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅಲ್ಲಿಯೂ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಹುಟ್ಟಿದವು.

ಎಲೆ ಲಸಿಕೆಗೆ ಇನ್ನೊಂದು ಗುಣವಿದೆ, ಅದು ರೋಗ ನಿರ್ಮೂಲನೆಯ ಕೊನೆಯ ಹಂತದಲ್ಲಿ ಬೆಲೆಬಾಳುವಂಥದು. ಇಡೀ ವೈರಸ್ಸಿನ ಲಸಿಕೆ ಹಾಕಿಸಿಕೊಂಡ ಕುರಿಯ ರಕ್ತಕ್ಕೂ ರೋಗ ಬಂದು ಬದುಕಿದ ಕುರಿಯ ರಕ್ತಕ್ಕೂ ವ್ಯತ್ಯಾಸ ಹೇಳಲಾಗುವುದಿಲ್ಲ. ಹೀಗಾಗಿ ರೋಗ ಹೋಗಿದೆಯೋ ಇಲ್ಲವೋ ತಿಳಿಯಲು ಲಸಿಕೆಯನ್ನೇ ನಿಲ್ಲಿಸಿ ಕಾಯಬೇಕಾಗುತ್ತದೆ. ಗಿಡದಲ್ಲಿ ವೈರಸ್ಸಿನ ಒಂದೇ ಪ್ರೋಟೀನ್ ಇರುವುದರಿಂದ ಎಲೆ ತಿಂದ ಕುರಿಯಲ್ಲಿ ಅದೊಂದರ ವಿರುದ್ಧ ಮಾತ್ರ ಪ್ರತಿಕಾಯ ಇರುತ್ತದೆ. ಒಳಗಿನ ಬೇರೆ ಪ್ರೋಟೀನಿನ ವಿರುದ್ಧವೂ ಪ್ರತಿಕಾಯ ಸಿಕ್ಕರೆ ಆ ಕುರಿಗೆ ನಿಜವಾದ ಸೋಂಕು ತಗಲಿತ್ತೆಂದು ಅರ್ಥ.

ಇಷ್ಟೆಲ್ಲ ಇದ್ದೂ ಬಾಯಿಯಿಂದ ಕೊಡುವ ಗಿಡದ ಲಸಿಕೆ ಮಾರುಕಟ್ಟೆಗೆ ಬರದಿರುವುದಕ್ಕೆ ಕಾರಣಗಳು ಗಟ್ಟಿಯಾದವು. ಕರುಳಿಗೆ ದಿನವೂ ನೂರಾರು ಬಗೆಯ ಅನ್ಯ ಪ್ರೋಟೀನುಗಳು ಬರುತ್ತವೆ, ಎಲ್ಲದರ ಮೇಲೂ ಹರಿಹಾಯ್ದರೆ ಉಣ್ಣುವುದೇ ಕಷ್ಟ. ಆದ್ದರಿಂದ ಅನ್ನದ ಜೊತೆ ಪದೇ ಪದೇ ಬರುವುದನ್ನು ಸಹಿಸಿಕೊಳ್ಳುವುದು ಅದರ ಸ್ವಭಾವ. ಲಸಿಕೆಯನ್ನು ದಿನನಿತ್ಯದ ಆಹಾರವಾಗಿ ಕೊಟ್ಟರೆ ದೇಹ ಆ ವೈರಸ್ಸಿನ ಪ್ರೋಟೀನನ್ನೇ ಸಹಿಸಲು ಕಲಿಯಬಹುದು. ಪ್ರಮಾಣ ಕಡಿಮೆಯಾದರೆ ಫಲವಿಲ್ಲ, ಹೆಚ್ಚಾಗಿ ಪದೇ ಪದೇ ಆದರೆ ವಿರುದ್ಧ ಫಲ. ಎಲೆ ಬಿಸಿಲಲ್ಲಿ ಬೆಳೆಯಿತೋ ನೆರಳಲ್ಲೋ, ಎಳೆಯದೋ ಬಲಿತದ್ದೋ ಎಂಬುದರ ಮೇಲೆ ಪ್ರೋಟೀನಿನ ಮಟ್ಟ ಬದಲಾಗುತ್ತದೆ.

ಎರಡನೆಯ ಕಾರಣ ಹೊಲದಲ್ಲಿದೆ. ಅಮೆರಿಕದ ಪ್ರಾಡಿಜೀನ್ ಕಂಪನಿ ಮೆಕ್ಕೆಜೋಳದಲ್ಲಿ ಹಂದಿಮರಿಗಳ ಕರುಳಿನ ವೈರಸ್ಸಿನ ವಿರುದ್ಧ ತಿನ್ನುವ ಲಸಿಕೆ ಬೆಳೆಸಿತ್ತು. ಹಂದಿಮರಿಗಳಲ್ಲಿ ಫಲಿತಾಂಶ ಆಶಾದಾಯಕವಾಗಿತ್ತು. ಆದರೆ ನೆಬ್ರಾಸ್ಕಾದಲ್ಲಿ ಆ ಕಂಪನಿಯ ಔಷಧ ಜೋಳ ಬೆಳೆದಿದ್ದ ನೆಲದಲ್ಲಿ ಮರುವರ್ಷ, ಅಂದರೆ 2002ರಲ್ಲಿ, ಸೋಯಾ ಬಿತ್ತಿದಾಗ, ಉದುರಿದ್ದ ಕಾಳು ಮೊಳೆತು ಸೋಯಾದೊಂದಿಗೆ ಉಗ್ರಾಣ ಸೇರಿತು. ಸುಮಾರು 5 ಲಕ್ಷ ಬುಶೆಲ್ ಸೋಯಾವನ್ನು ಸರ್ಕಾರ ತಡೆಹಿಡಿಯಿತು, ಕಂಪನಿಗೆ ದಂಡ ಬಿತ್ತು. ಊಟದ ಬೆಳೆಯಲ್ಲಿ ಔಷಧ ಬೆಳೆದು ಬಯಲಿಗೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಈ ಒಂದು ಘಟನೆ ಸಾಕಾಯಿತು. ಕಡಲೆಕಾಯಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಎಲೆ ದನಕ್ಕೆ ಎಂದುಕೊಂಡರೂ ಕಾಯಿ ಮನುಷ್ಯರಿಗೇ ಬರುತ್ತದೆ, ಬೀಜ ಕೈಯಿಂದ ಕೈಗೆ ಹೋಗುತ್ತದೆ. ಕುಲಾಂತರಿ ಬೆಳೆಯಾದ ಬಿಟಿ ಬದನೆಯ ಬಗ್ಗೆ 2010ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಾರ್ವಜನಿಕ ವಿಚಾರಣೆಯಲ್ಲಿ ರೈತರು ಎತ್ತಿದ ಆತಂಕಗಳ ಮೂಲವೂ ಬೀಜದ ಮೇಲಿನ ಹಿಡಿತ ಮತ್ತು ಬೆರಕೆಯ ಭಯ. ಅದಾದ ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರ ಆ ಬೆಳೆಯನ್ನು ತಡೆಹಿಡಿಯಿತು. ಔಷಧ ಹೊತ್ತ ಕಡಲೆಕಾಯಿಯನ್ನು ಬಯಲು ಸೀಮೆಯ ಹೊಲದಲ್ಲಿ ಬಿತ್ತುವ ಮಾತು ಸದ್ಯಕ್ಕೆ ಸರಿಯಲ್ಲ.

ಹಾಗಾಗಿ ಕಳೆದ ಎರಡು ದಶಕಗಳಲ್ಲಿ ಕೆಲಸ ಹೊಲದಿಂದ ಮುಚ್ಚಿದ ಕೋಣೆಗೆ, ಹಣ್ಣಿನಿಂದ ಪುಡಿಗೆ ಬಂದಿದೆ. ಟೋಕಿಯೊದಲ್ಲಿ ಹಿರೋಷಿ ಕಿಯೊನೊ ತಂಡ ಭತ್ತದ ಕಾಳಿನಲ್ಲಿ ಕಾಲರಾ ವಿಷದ ನಿರಪಾಯಕಾರಿ ಅರ್ಧವನ್ನು ಬೆಳೆಸಿತು. ಕಾಳಿನೊಳಗೆ ಅದು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮಾಮೂಲಿ ಉಷ್ಣತೆಯಲ್ಲೇ ಕೆಡದೆ ಉಳಿಯಿತು. ಅಕ್ಕಿಯನ್ನು ಪುಡಿ ಮಾಡಿ ತೂಗಿ ನೀರಿನಲ್ಲಿ ಕುಡಿಸುವುದರಿಂದ ಅಳತೆಯ ತಕರಾರೂ ಇಲ್ಲ. 2021ರಲ್ಲಿ ಪ್ರಕಟವಾದ ಮನುಷ್ಯ ಪರೀಕ್ಷೆಯಲ್ಲಿ ಅದು ಸುರಕ್ಷಿತವೆಂದು ಕಂಡಿತು. ಪ್ರತಿಕಾಯ ಚೆನ್ನಾಗಿ ಹುಟ್ಟಿದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು ಎಂಬುದು ಆ ಅಧ್ಯಯನದ ಮುಖ್ಯ ಶೋಧಗಳಲ್ಲೊಂದು. ಅದೇ ತಂಡ ರೋಟಾವೈರಸ್ಸನ್ನು ಹಿಡಿಯುವ ಲಾಮಾ ಪ್ರತಿಕಾಯದ ತುಣುಕನ್ನೂ ಅಕ್ಕಿಯಲ್ಲಿ ಬೆಳೆಸಿ, ಇಲಿಮರಿಗಳನ್ನು ಭೇದಿಯಿಂದ ಕಾಪಾಡಿದೆ. ಅದು ಲಸಿಕೆಯಲ್ಲ, ಸಿದ್ಧ ರಕ್ಷಣೆ. ಪೆನ್ಸಿಲ್ವೇನಿಯಾದಲ್ಲಿ ಭಾರತ ಮೂಲದ ಹೆನ್ರಿ ಡೇನಿಯಲ್ ಜೀನನ್ನು ವರ್ಣತಂತುವಿನ ಬದಲು ಹರಿತ್ತಿನ ಕಣಕ್ಕೆ ಸೇರಿಸುವ ದಾರಿ ಹಿಡಿದರು. ಒಂದು ಕೋಶದಲ್ಲಿ ಇಂಥ ಜೀನಿನ ಸಾವಿರಾರು ಪ್ರತಿಗಳಿರುವುದರಿಂದ ಇಳುವರಿ ಹೆಚ್ಚು, ಪರಾಗದಲ್ಲಿ ಅದು ಸಾಮಾನ್ಯವಾಗಿ ಹೋಗುವುದಿಲ್ಲವಾದ್ದರಿಂದ ಹರಡುವ ಭಯ ಕಡಿಮೆ. ಚುಚ್ಚುಮದ್ದಿನ ಪೋಲಿಯೊ ಲಸಿಕೆ ಪಡೆದ ಇಲಿಗಳಿಗೆ ಹೀಗೆ ಬೆಳೆದ ಪೋಲಿಯೊ ಪ್ರೋಟೀನನ್ನು ಬಾಯಿಯಿಂದ ಕೊಟ್ಟು ಪ್ರತಿರೋಧವನ್ನು ಹೆಚ್ಚಿಸಿದ ವರದಿ 2016ರದು. ಮೊದಲ ಲಸಿಕೆ ಚುಚ್ಚಿ, ಮುಂದಿನ ಸುತ್ತುಗಳನ್ನು ಗಿಡದ ಪುಡಿಯಿಂದ ಕೊಡುವ ಈ ಕ್ರಮವೇ ಮಕ್ಕಳ ವಿಷಯದಲ್ಲಿ ಸದ್ಯ ಹೆಚ್ಚು ನಂಬಬಹುದಾದದ್ದು.

ಗಿಡದಲ್ಲಿ ಲಸಿಕೆ ದೊಡ್ಡ ಪ್ರಮಾಣದಲ್ಲಿ ಬೆಳೆಯಬಹುದೇ ಎಂಬ ಅನುಮಾನ ಮಾತ್ರ ಮುಗಿದಿದೆ. ಕೆನಡಾದ ಮೆಡಿಕಾಗೊ ಕಂಪನಿ ತಂಬಾಕಿನ ಸೋದರ ಗಿಡವೊಂದರಲ್ಲಿ ತಯಾರಿಸಿದ ಕೋವಿಡ್ ಲಸಿಕೆಗೆ 2022ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದು ಚುಚ್ಚುವ ಲಸಿಕೆ, ಮರುವರ್ಷ ಕಂಪನಿಯೇ ಮುಚ್ಚಿತು. ಮುಚ್ಚಿದ್ದು ವ್ಯವಹಾರದ ಕಾರಣಕ್ಕೆ, ಗಿಡ ಸೋತದ್ದರಿಂದಲ್ಲ.

ಕರ್ನಾಟಕದಲ್ಲಿ 2019ರ ಜಾನುವಾರು ಗಣತಿಯಂತೆ ಸುಮಾರು 1.1 ಕೋಟಿ ಕುರಿಗಳಿವೆ. ಹಿರೇಬೇನೆಯ ಲಸಿಕೆಯನ್ನು ಇಂದು ಚರ್ಮದಡಿ ಚುಚ್ಚಲಾಗುತ್ತದೆ. ಲಸಿಕೆ ಒಳ್ಳೆಯದು, ಒಮ್ಮೆ ಹಾಕಿದರೆ ವರ್ಷಗಟ್ಟಲೆ ಕಾಯುತ್ತದೆ. ಆದರೆ ಕರಗಿಸಿದ ಮೇಲೆ ಬೇಗ ಮುಗಿಸಬೇಕು, ಮಂದೆಯ ಹಿಂದೆ ಊರೂರು ಅಲೆಯುವ ಕುರುಬರ ಬಳಿಗೆ ಐಸ್ ಪೆಟ್ಟಿಗೆ ಹೊತ್ತು ಹೋಗಬೇಕು, ಪ್ರತಿ ವರ್ಷ ಹುಟ್ಟುವ ಮರಿಗಳನ್ನು ಹಿಡಿದು ಹಿಡಿದು ಚುಚ್ಚಬೇಕು. 2030ರೊಳಗೆ ಪಿಪಿಆರ್ ರೋಗವನ್ನು ಜಗತ್ತಿನಿಂದ ತೊಲಗಿಸುವ ಅಂತರರಾಷ್ಟ್ರೀಯ ಗುರಿಯನ್ನು 2015ರಲ್ಲೇ ಇಟ್ಟುಕೊಳ್ಳಲಾಗಿದೆ. ಕಡಲೆಕಾಯಿ ಎಲೆಯ ಲಸಿಕೆ ಆ ಕೆಲಸಕ್ಕೆ ಒದಗಬೇಕಾದರೆ ಆಗಬೇಕಾದ್ದು ಇಷ್ಟು: ಎಲೆ ತಿಂದ ಕುರಿಗಳನ್ನು ನಿಜವಾದ ವೈರಸ್ಸಿಗೆ ಒಡ್ಡಿ ರಕ್ಷಣೆ ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆ, ಗಿಡವನ್ನು ಬಲೆಮನೆಯೊಳಗೇ ಬೆಳೆದು ಹೂ ಬಿಡುವ ಮುಂಚೆ ಕೊಯ್ಯುವ ಪದ್ಧತಿ, ಒಣಗಿಸಿ ಪುಡಿ ಮಾಡಿ ಪ್ರೋಟೀನಿನ ಪ್ರಮಾಣ ಅಳೆದು ಮೇವಿನ ಉಂಡೆಗಳಲ್ಲಿ ಸೇರಿಸುವ ವಿಧಾನ, ಎಷ್ಟು ದಿನಕ್ಕೊಮ್ಮೆ ತಿನ್ನಿಸಿದರೆ ಪ್ರತಿರೋಧ ಉಳಿಯುತ್ತದೆಂಬ ಲೆಕ್ಕ, ಸೋಂಕು ತಗಲಿದ ಕುರಿಯನ್ನು ಎಲೆ ತಿಂದ ಕುರಿಯಿಂದ ಬೇರ್ಪಡಿಸುವ ಅಗ್ಗದ ರಕ್ತಪರೀಕ್ಷೆ. ಇವುಗಳಿಗೆ ಬೇಕಾದ ವೈರಸ್ ವಿಜ್ಞಾನ, ಪಶುವೈದ್ಯ, ಕೃಷಿ ಮೂರರ ಸಂಸ್ಥೆಗಳೂ ಬೆಂಗಳೂರಿನಲ್ಲೇ ಇವೆ.